ಶೇಂಗಾ ತವರಿಗೆ ಹೋದದ್ದು

ಓಬಕ್ಕ ಗಿಡದಿಂದ ಒಂದು ಶೇಂಗಾ ಕಾಯಿ ಕಿತ್ತಳು. ಹಲ್ಲಲ್ಲಿ ಒಡೆದಳು. ಒಳಗೆ ಕಾಳಿರಲಿಲ್ಲ.

ಇನ್ನೊಂದು ಕಿತ್ತಳು. ಅದರಲ್ಲೂ ಇರಲಿಲ್ಲ.

"ಜೊಳ್ಳು," ಅಂದಳು.

ಸಿಪ್ಪೆಯನ್ನು ಹೊಲದಲ್ಲಿ ಬಿಸಾಡಲಿಲ್ಲ. ಮಡಿಲಿಗೆ ಹಾಕಿಕೊಂಡಳು. ಮನೆಗೆ ಒಯ್ದು ಒಲೆಗೆ ಹಾಕುವುದು ಅವಳ ಪದ್ಧತಿ. ಹೊಲದಲ್ಲಿ ಕಸ ಬಿದ್ದರೆ ಅವಳಿಗೆ ಆಗುತ್ತಿರಲಿಲ್ಲ.

ಲೋಕ ಆಗ ಇನ್ನೂ ಹೊಸದು. ಬೆಟ್ಟಗಳ ಅಂಚು ಸವೆದಿರಲಿಲ್ಲ. ಹಳ್ಳಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಶೇಂಗಾ ಕಾಯಿ ಮಣ್ಣಲ್ಲಿ ಕಟ್ಟುತ್ತಿರಲಿಲ್ಲ. ತೊಗರಿಯ ಹಾಗೆ ಕೊಂಬೆಯಲ್ಲಿ ತೂಗುತ್ತಿತ್ತು. ಗಿಡ, ಗಾಳಿ, ಹುಳ ಎಲ್ಲವೂ ಮಾತಾಡುತ್ತಿದ್ದವು. ಮನುಷ್ಯರಿಗೆ ಮಾತ್ರ ಅದು ಕೇಳುತ್ತಿರಲಿಲ್ಲ. ಅವರದೇ ಮಾತು ಅವರಿಗೆ ಬೇಕಾದಷ್ಟಿತ್ತು.

ಓಬಕ್ಕನ ಗಂಡ ಪಾಲಯ್ಯ ಬದುವಿನ ಮೇಲೆ ಕೂತಿದ್ದ. ಆಕಾಶ ನೋಡುತ್ತಿದ್ದ. ಮೋಡ ಇರಲಿಲ್ಲ.

"ಏನಾಯ್ತು?" ಅಂದ.

"ಬರೀ ಸಿಪ್ಪೆ."

"ಎಳ್ಳು?"

"ಅದೂ ಅಷ್ಟೇ."

"ಮಳೆ ಇಲ್ಲ ನೋಡು."

"ಮಳೆ ಇಲ್ಲ."

ಇಬ್ಬರ ತಲೆಯಲ್ಲೂ ಒಂದೇ ಯೋಚನೆ. ಅವರ ಮಗಳು ಚಿನ್ನಕ್ಕ ಬಸುರಿ. ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಲೋಕ ಹೊಸದಾಗಿದ್ದರೂ ಈ ಪದ್ಧತಿ ಆಗಲೇ ಇತ್ತು. ಬಾಣಂತಿಗೆ ಎಣ್ಣೆ ಬೇಕು. ಕೂಸಿಗೆ ಎಣ್ಣೆ ಬೇಕು. ಎಣ್ಣೆ ಇಲ್ಲದೆ ಬಾಣಂತನ ಇಲ್ಲ. ಮನೆಯ ಎಣ್ಣೆ ಗಡಿಗೆ ಒಣಗಿತ್ತು.

"ಈ ಸಲ ಬರಬೇಡ ಅಂತ ಹೇಳಿ ಕಳಿಸೋದೇ ವಾಸಿ," ಅಂದ ಪಾಲಯ್ಯ.

"ನೀವೇ ಹೇಳಿ ಕಳಿಸಿ. ನನ್ನ ಬಾಯಲ್ಲಿ ಬರಲ್ಲ."

ಆ ಹೊತ್ತಿಗೆ ಕಾಟಯ್ಯ ಕುರಿ ಹೊಡೆದುಕೊಂಡು ಬದುವಿನ ಆಚೆ ಬಂದ. ಅವನು ಊರೂರು ಸುತ್ತುವ ಕುರಿಗಾರ. ಪಾಲಯ್ಯ ಅವನಿಗೆ ಮಾತು ಒಪ್ಪಿಸಿದ.

"ಹೇಳ್ತೀನಿ," ಅಂದ ಕಾಟಯ್ಯ. ಆಮೇಲೆ ಓಬಕ್ಕನ ಕಡೆ ತಿರುಗಿದ. "ಅಕ್ಕಾ, ಬೆಳೆ ಕಿತ್ತ ಮೇಲೆ ರಾತ್ರಿ ನಿನ್ನ ಹೊಲದಲ್ಲಿ ಮಂದೆ ತರುಬಿ ಮಲಗಿಸ್ಲಾ?"

ಪ್ರತಿ ವರ್ಷ ಅವನು ಇದೇ ಕೇಳುತ್ತಿದ್ದ. ಪ್ರತಿ ವರ್ಷ ಅವಳು ಇದೇ ಹೇಳುತ್ತಿದ್ದಳು.

"ನನ್ನ ಹೊಲದ ತುಂಬ ಹಿಕ್ಕೆ ಹಾಕಿಸ್ಲಾ? ಬೇಡಪ್ಪ. ನಿನ್ನ ಕುರಿ ನಿನಗೇ ಇರಲಿ."

"ಸರಿ. ನಿನ್ನ ಹೊಲದಲ್ಲಿ ಮುದ್ದೆ ಉರುಳಿಸಿದರೂ ಒಂದು ಕಡ್ಡಿ ಅಂಟಲ್ಲ ಅಂತ ಊರೇ ಹೇಳ್ತದೆ," ಅಂದ ಕಾಟಯ್ಯ.

ಅವನು ತಮಾಷೆ ಮಾಡಿದ. ಓಬಕ್ಕ ಹೊಗಳಿಕೆ ಅಂದುಕೊಂಡಳು. ಸೆರಗು ಸರಿಮಾಡಿಕೊಂಡಳು.

ಕಾಟಯ್ಯ ಹೋದ. ಓಬಕ್ಕ ಕಡ್ಡಿ ಪೊರಕೆ ತೆಗೆದುಕೊಂಡಳು. ಸಾಲಿನಲ್ಲಿ ಬಿದ್ದಿದ್ದ ಒಣ ಎಲೆಗಳನ್ನು ಗುಡಿಸಿದಳು. ಬದುವಿನ ಆಚೆ ಹೊಂಗೆ ಮರದ ಬುಡಕ್ಕೆ ತಳ್ಳಿದಳು. ಅಲ್ಲಿಗೆ ಅವಳ ಹೊಲ ಮುಗಿಯುತ್ತಿತ್ತು. ಆಚೆಯದು ಯಾರದೂ ಅಲ್ಲ. ಅಲ್ಲಿ ಏನಾದರೂ ಇರಲಿ.

*

ಶೇಂಗಾ ಗಿಡ ಇದನ್ನೆಲ್ಲ ಕೇಳಿಸಿಕೊಂಡಿತ್ತು.

ಅವಳು ಮಣ್ಣವ್ವನ ಕಿರಿ ಮಗಳು. ಎಳ್ಳು ಅವಳ ಅಕ್ಕ. ಬೀಜ ಒಡೆದು ಮೇಲೆ ಬಂದರೆ ಮದುವೆಯಾಗಿ ಹೋದ ಹಾಗೆ. ಮೇಲಿನದು ಬಿಸಿಲಿನ ಮನೆ, ಅತ್ತೆಮನೆ. ಕೆಳಗಿನದು ತವರು.

ಮೇಲೆ ಬಂದವಳ ಕಾಲು ತಾಯಿಯ ಕೈಯಲ್ಲೇ ಇರುತ್ತದೆ. ಮುಖ ಬಿಸಿಲಲ್ಲಿ ಇರುತ್ತದೆ. ತಾಯಿ ಮಗಳ ಕಾಲು ಹಿಡಿದಿರುತ್ತಾಳೆ. ಮಗಳಿಗೆ ತಾಯಿಯ ಮುಖ ಕಾಣುವುದಿಲ್ಲ.

ಎಳ್ಳಿಗೆ ಅದರ ಚಿಂತೆ ಇರಲಿಲ್ಲ. ಎಳ್ಳು ನೆಟ್ಟಗೆ ನಿಂತು ಮೇಲೆ ನೋಡುತ್ತಿದ್ದಳು. ಶೇಂಗಾ ಹಾಗಲ್ಲ. ದಿನಾ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. ನೆಲ ಕಾಣುತ್ತಿತ್ತು. ತಾಯಿ ಕಾಣುತ್ತಿರಲಿಲ್ಲ.

"ಏನೇ ಅದು, ಯಾವಾಗಲೂ ನೆಲ ನೋಡೋದು? ಏನು ಬಿದ್ದುಹೋಗಿದೆ ಅಲ್ಲಿ?" ಅನ್ನುತ್ತಿದ್ದಳು ಎಳ್ಳು.

"ಅವ್ವ ಇದಾಳೆ."

"ಇದಾಳೆ. ಇರಲಿ. ನಿನಗೆ ಗಂಡನ ಮನೇಲಿ ಏನು ಕಡಿಮೆಯಾಗಿದೆ?"

"ಅವ್ವ ಕಡಿಮೆಯಾಗಿದಾಳೆ."

ಎಳ್ಳು ನಕ್ಕಳು. ನಕ್ಕಾಗ ಅವಳ ಒಂದು ಕಾಯಿ ಬಿರಿಯಿತು. ಒಳಗಿಂದ ಹೊಟ್ಟು ಹಾರಿತು.

ಶೇಂಗಾಳಿಗೆ ಈಗ ಹೆದರಿಕೆ ಆಗತೊಡಗಿತ್ತು. ಕಟ್ಟಿದ ಕಾಯಿಗಳೆಲ್ಲ ಜೊಳ್ಳಾಗಿ ಉದುರಿದ್ದವು. ಕೊನೆಯ ಹೂವುಗಳು ಉಳಿದಿದ್ದವು. ಹಳದಿ ಹೂವು. ಅವೂ ಜೊಳ್ಳಾದರೆ ಅವಳ ಬೀಜ ಲೋಕದಲ್ಲಿ ಉಳಿಯುವುದಿಲ್ಲ. ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯವೂ ಇತ್ತು. ಕಾಲು ಹಿಡಿದಿದ್ದ ತಾಯಿಯ ಕೈ ಸಡಿಲವಾಗಿತ್ತು. ಮೊದಲು ಆ ಹಿಡಿತ ಬಿಗಿಯಾಗಿತ್ತು, ತಂಪಾಗಿತ್ತು. ಈಗ ಒರಟು, ಬಿಸಿ. ಬೆರಳಿನ ಮೂಳೆ ತಾಗುತ್ತಿತ್ತು.

ಗಾಳಿ ಬಂತು.

"ಗಾಳಿಮಾಮ, ಅವ್ವ ಹೇಗಿದಾಳೆ ನೋಡಿಕೊಂಡು ಬರ್ತೀಯಾ?" ಅಂದಳು ಶೇಂಗಾ.

"ಬಾಗಿಲು ಹಾಕಿದೆ ಕಣಮ್ಮ," ಅಂದಿತು ಗಾಳಿ. "ಮೊದಲು ಸಣ್ಣ ಸಣ್ಣ ಸಂದಿ ಇರ್ತಿತ್ತು. ನುಗ್ಗಿ ಹೋಗಿ ಮಾತಾಡಿಸಿ ಬರ್ತಿದ್ದೆ. ಈಗ ನೆಲ ಹಪ್ಪಳ ಕಟ್ಟಿದೆ. ನನಗೆ ಒಳಗೆ ಹೋಗೋಕಾಗಲ್ಲ."

ಮಾರನೆಯ ದಿನ ಎರೆಹುಳು ಮೇಲೆ ಬಂದ. ಅವನು ಒಳಗೂ ಹೊರಗೂ ಓಡಾಡುವವನು. ಎಲ್ಲ ಮನೆಯ ಸುದ್ದಿಯೂ ಅವನ ಬಳಿ ಇರುತ್ತಿತ್ತು. ಬೆನ್ನಿಗೆ ಗಂಟು ಕಟ್ಟಿಕೊಂಡು ಹೊರಟವನ ಹಾಗೆ ಕಂಡ.

"ಎಲ್ಲಿಗೆ ಎರೆಯಣ್ಣ?"

"ಊರು ಬಿಡ್ತಾ ಇದೀನಿ. ನಿಮ್ಮವ್ವನ ಮನೇಲಿ ಏನೂ ಉಳಿದಿಲ್ಲ. ಒಂದು ಕೊಳೆತ ಎಲೆ ಇಲ್ಲ. ಒಂದು ಚೂರು ಸಗಣಿ ಇಲ್ಲ. ನಾನು ಏನು ತಿನ್ಲಿ?"

"ಮಳೆ ಇಲ್ಲ ಅಂತ ತಾನೇ?"

ಎರೆಹುಳು ತಲೆ ಅಲ್ಲಾಡಿಸಿದ. ಬಾಲವನ್ನೂ ಅಲ್ಲಾಡಿಸಿದ. ಅವನದು ಯಾವುದು ತಲೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮಳೆ ಹೋದದ್ದು ಈ ವರ್ಷ. ನಿಮ್ಮವ್ವ ಉಪವಾಸ ಬಿದ್ದದ್ದು ಎಷ್ಟೋ ವರ್ಷದಿಂದ. ಬೆಳೆದದ್ದೆಲ್ಲ ಮೇಲೆ ಹೋಯ್ತು. ಒಂದು ತುತ್ತೂ ಕೆಳಗೆ ಬರಲಿಲ್ಲ. ಮಳೆ ಇದ್ದಾಗ ಹೇಗೋ ನೀರು ಕುಡಿದು ಎದ್ದು ನಿಲ್ತಿದ್ದಳು. ಯಾರಿಗೂ ತಿಳೀಲಿಲ್ಲ. ಈಗ ಆ ನೀರೂ ಇಲ್ಲ. ಬಿದ್ದ ಹನಿ ಹಿಡಿದಿಟ್ಟುಕೊಳ್ಳೋಕೆ ಮೈಯಲ್ಲಿ ಸತ್ವ ಇಲ್ಲ."

ಶೇಂಗಾ ಬಗ್ಗಿ ನೆಲ ನೋಡಿದಳು.

"ನಿನಗೆ ಒಂದು ಮಾತು ಹೇಳು ಅಂದಳು," ಅಂದ ಎರೆಹುಳು.

"ಏನು?"

"ಬರಬೇಡ ಅಂದಳು. ಮಗಳು ಕೆಳಗೆ ಬಗ್ಗಿ ನೋಡ್ತಾಳೆ ಅಂತ ಗಾಳಿ ಹೇಳಿತ್ತು, ನೋಡೋದು ಬೇಡ ಅನ್ನು ಅಂದಳು. ಬಂದರೆ ಬಡಿಸೋಕೆ ಏನೂ ಇಲ್ಲ ಅಂದಳು."

ಅಷ್ಟು ಹೇಳಿ ಅವನು ಬದುವಿನ ಕಡೆ ತೆವಳಿಕೊಂಡು ಹೋದ. ಹೊಂಗೆ ಮರದ ಬುಡಕ್ಕೆ ಹೋದ. ಅಲ್ಲಿ ಮಾಯವಾದ.

*

ಚಿನ್ನಕ್ಕ ಬಂದಳು.

ಬರಬೇಡ ಅಂದರೂ ಬಂದಳು. ತಲೆಯ ಮೇಲೆ ಒಂದು ಗಂಟು. ಹೊಟ್ಟೆ ಮುಂದೆ, ಅವಳು ಹಿಂದೆ. ಕಾಲಲ್ಲಿ ದಾರಿಯ ಧೂಳು. ಮನೆಗೆ ಹೋಗಲಿಲ್ಲ. ನೇರ ಹೊಲಕ್ಕೆ ಬಂದಳು.

ಓಬಕ್ಕ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತಳು.

"ಬರಬೇಡ ಅಂತ ಹೇಳಿ ಕಳಿಸಿದ್ದೆವಲ್ಲೇ."

"ಕಾಟಯ್ಯ ಹೇಳಿದ."

"ಮತ್ತೆ?"

"ಹೇಳಿ ಅವನು ಹೋದ. ನಾನು ಬಂದೆ."

"ಮನೇಲಿ ಏನಿದೆ ಅಂತ ಬಂದೆ? ಎಣ್ಣೆ ಗಡಿಗೆ ಬೋರಲು ಹಾಕಿದೀನಿ."

"ಹಾಕಿರು. ನಾನು ಗಡಿಗೆ ನೋಡೋಕೆ ಬಂದಿಲ್ಲ."

ಗಂಟು ಇಳಿಸಿದಳು. ಬಿಚ್ಚಿದಳು. ಒಳಗೆ ರಾಗಿ ಹಿಟ್ಟು, ಒಣ ಮೆಣಸಿನಕಾಯಿ, ಒಂದು ಉಂಡೆ ಬೆಲ್ಲ. ಅತ್ತೆಮನೆಯಲ್ಲಿ ತನ್ನ ಊಟದಲ್ಲಿ ಉಳಿಸಿದ್ದು.

ಓಬಕ್ಕ ಗಂಟು ನೋಡಿದಳು. ಮುಖ ಆಚೆ ತಿರುಗಿಸಿದಳು.

"ತವರಿಗೆ ಬರೋಳು ಬುತ್ತಿ ಹೊತ್ತುಕೊಂಡು ಬರ್ತಾಳೇನೇ?" ಅಂದಳು.

"ಯಾಕೆ, ತವರಿಗೆ ಹಸಿವಾಗಲ್ವಾ?" ಅಂದಳು ಚಿನ್ನಕ್ಕ.

ಶೇಂಗಾ ಇದನ್ನು ಕೇಳಿದಳು. ಅವಳ ಎಲೆಗಳು ಎದ್ದು ನಿಂತವು.

"ಗಾಳಿಮಾಮ," ಅಂದಳು. "ನಾನು ಅವ್ವನ ಹತ್ತಿರ ಹೋಗ್ತೀನಿ."

"ಬರಬೇಡ ಅಂದಿದಾಳಲ್ಲ."

"ಅವಳು ಹೇಳಿದಳು. ನಾನು ಹೋಗ್ತೀನಿ. ಬರೀ ಕೈಯಲ್ಲಿ ಹೋಗಲ್ಲ. ಬುತ್ತಿ ಬೇಕು. ನಿನ್ನ ಹತ್ತಿರ ಏನಿದೆ?"

ಗಾಳಿ ತಡಕಾಡಿತು. "ನನ್ನ ಹತ್ತಿರ ಏನಿರುತ್ತದಮ್ಮ? ಗಾಳಿ ಇದೆ."

"ಅದನ್ನೇ ಕೊಡು."

ಗಾಳಿ ಕೊಟ್ಟಿತು. ಗಾಳಿಯಲ್ಲೂ ಊಟ ಇದೆ. ಎಲ್ಲರಿಗೂ ಅದನ್ನು ಹಿಡಿಯಲು ಬರುವುದಿಲ್ಲ. ಶೇಂಗಾ ಹಿಡಿದಳು. ಹಿಡಿ ಹಿಡಿಯಾಗಿ ಒಳಗೆ ಎಳೆದುಕೊಂಡಳು. ಕಾಲಿನ ಹತ್ತಿರ, ಬೇರಿನಲ್ಲಿ, ಸಣ್ಣ ಸಣ್ಣ ಗಂಟು ಕಟ್ಟಿದಳು. ಸೆರಗಿನ ತುದಿಗೆ ಕಟ್ಟುವ ಗಂಟಿನ ಹಾಗೆ.

ಆಮೇಲೆ ಹೂವು ಬಗ್ಗಿತು.

ಹಳದಿ ಎಸಳು ಬಾಡಿತು. ಬಾಡಿದ ಹೂವಿನ ಬುಡದಿಂದ ಒಂದು ಸಣ್ಣ ಕಡ್ಡಿ ಹೊರಟಿತು. ಮೇಲೆ ಹೋಗಲಿಲ್ಲ. ಕೆಳಗೆ ಹೊರಟಿತು. ಲೋಕದಲ್ಲಿ ಅದುವರೆಗೆ ಯಾವ ಹೂವೂ ಹಾಗೆ ಹೋಗಿರಲಿಲ್ಲ.

"ಏನೇ ಇದು!" ಅಂದಳು ಎಳ್ಳು. "ಹೂವು ತಲೆ ತಗ್ಗಿಸೋದಾ? ನೋಡಿದವರು ಏನಂದಾರು?"

"ತವರಿಗೆ ಹೋಗ್ತಿದಾಳೆ ಅಂತಾರೆ."

"ಮಣ್ಣು ಮೆತ್ತಿಕೊಳ್ತೀಯ."

"ಮೆತ್ತಿಕೊಳ್ಳಲಿ."

ಕಡ್ಡಿ ದಿನಾ ಸ್ವಲ್ಪ ಸ್ವಲ್ಪ ಇಳಿಯಿತು. ಒಂದು ಬೆಳಿಗ್ಗೆ ನೆಲ ಮುಟ್ಟಿತು.

ನೆಲ ಗಟ್ಟಿ. ಗುಡಿಸಿ ಗುಡಿಸಿ, ತುಳಿದು ತುಳಿದು ಕಲ್ಲಾಗಿತ್ತು. ಕಡ್ಡಿಯ ತುದಿ ಸೂಜಿಯಷ್ಟು. ಅದು ನೆಲಕ್ಕೆ ತಾಗಿ ನಿಂತಿತು. ಇನ್ನೊಂದು ಕಡ್ಡಿ ಬಂತು. ಅದೂ ನಿಂತಿತು.

"ಅವ್ವ," ಅಂದಳು ಶೇಂಗಾ.

"ಬರಬೇಡ ಅಂದೆನಲ್ಲ," ಅಂದಳು ಮಣ್ಣವ್ವ.

"ಬಾಗಿಲು ತೆಗಿ."

"ತೆಗೆಯೋಕೆ ಕೈಯಲ್ಲಿ ಬಲ ಇಲ್ಲ ಕಣೇ. ಹೋಗು. ಮೇಲೆ ನಿನ್ನ ಮನೆಗೆ ಹೋಗು."

"ನಾನು ಮೊದಲನೇ ಸಲ ಹೆರೋಕೆ ಬಂದಿದೀನಿ. ಎಲ್ಲಿಗೆ ಹೋಗ್ಲಿ?"

ಮಣ್ಣವ್ವ ಮಗಳ ಕಾಲು ಹಿಡಿದಿದ್ದ ಕೈಯನ್ನು ಬಿಗಿ ಮಾಡಲು ನೋಡಿದಳು. ಆಗಲಿಲ್ಲ.

ಬಿಸಿಲು ಏರಿತು. ಮೊದಲು ಬಂದ ಕಡ್ಡಿ ಬಾಗಿಲಲ್ಲೇ ಒಣಗಿತು. ಉಳಿದವು ಕಾದವು.

*

ಚಿನ್ನಕ್ಕನಿಗೆ ಒಂದು ಬಯಕೆ ಇತ್ತು. ಯಾರಿಗೂ ಹೇಳಿರಲಿಲ್ಲ.

ಬಸುರಿಗೆ ಹುಳಿ ಬೇಕು, ಮಾವಿನಕಾಯಿ ಬೇಕು ಅನ್ನುತ್ತಾರೆ. ಅವಳಿಗೆ ಮಣ್ಣು ಬೇಕಿತ್ತು. ಯಾವುದೋ ಮಣ್ಣಲ್ಲ. ಅತ್ತೆಮನೆಯ ಹಿತ್ತಲ ಮಣ್ಣು ಕದ್ದು ತಿಂದು ನೋಡಿದ್ದಳು. ಅತ್ತೆ ಕಂಡು ಬೈದಿದ್ದಳು. ಬೈಗುಳಕ್ಕೆ ಅವಳು ಬಿಡಲಿಲ್ಲ. ಆ ಮಣ್ಣು ಹಿಡಿಸಲಿಲ್ಲ, ಅದಕ್ಕೆ ಬಿಟ್ಟಳು. ಅವಳಿಗೆ ಬೇಕಾದದ್ದು ತವರ ಹೊಲದ ಮಣ್ಣು. ಚಿಕ್ಕವಳಿದ್ದಾಗ ಮೊದಲ ಮಳೆಗೆ ಈ ಹೊಲದಿಂದ ಒಂದು ವಾಸನೆ ಏಳುತ್ತಿತ್ತು. ಆ ವಾಸನೆ ಅವಳ ಮೂಗಲ್ಲೇ ಉಳಿದಿತ್ತು. ದೂರದ ಊರಲ್ಲಿ, ಒಲೆಯ ಮುಂದೆ, ಅದು ಸುಮ್ಮನೆ ನೆನಪಿಗೆ ಬರುತ್ತಿತ್ತು. ಬಂದರೆ ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು.

ಬರಬೇಡ ಅಂದರೂ ಅವಳು ಬಂದದ್ದು ಅದಕ್ಕೇ.

ಓಬಕ್ಕ ಆಚೆ ಸಾಲಿನಲ್ಲಿದ್ದಳು. ಚಿನ್ನಕ್ಕ ಶೇಂಗಾ ಗಿಡದ ಬುಡದಲ್ಲಿ ಕೂತಳು. ಉಗುರಿನಿಂದ ಕೆರೆದಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

ತಕ್ಷಣ ಉಗಿದಳು.

"ಅವ್ವಾ, ಇದು ನಮ್ಮ ಹೊಲದ ಮಣ್ಣಲ್ಲ."

ಓಬಕ್ಕ ತಿರುಗಿ ನೋಡಿದಳು. ಮಗಳ ತುಟಿಯ ಮೇಲೆ ಕೆಂಪು ಧೂಳು.

"ಥೂ ಹುಚ್ಚಿ! ಮಣ್ಣು ತಿಂತೀಯಾ? ನಮ್ಮದಲ್ಲದೆ ಇನ್ನಾರದು ಅದು?"

"ಸಪ್ಪೆ ಆಗಿದೆ ಅವ್ವ. ಬೂದಿ ತಿಂದ ಹಾಗೆ."

ಓಬಕ್ಕನಿಗೆ ಇದು ಚುಚ್ಚಿತು. ಅವಳ ಕೈಯ ಅಡುಗೆಯನ್ನು ಊರಲ್ಲಿ ಯಾರೂ ಸಪ್ಪೆ ಅಂದವರಿಲ್ಲ. ಸ್ವಂತ ಮಗಳು ಅವಳ ಹೊಲವನ್ನು ಸಪ್ಪೆ ಅಂದಳು.

"ಸಪ್ಪೆ ಅಂತೆ ಸಪ್ಪೆ. ಕನ್ನಡಿ ಹಾಗೆ ಇಟ್ಟಿದೀನಿ ಹೊಲಾನ. ಒಂದು ಕಸ ತೋರಿಸು ನೋಡೋಣ."

ಚಿನ್ನಕ್ಕ ಎದ್ದಳು. ಸೊಂಟಕ್ಕೆ ಕೈ ಕೊಟ್ಟುಕೊಂಡು ಬದು ದಾಟಿದಳು. ಹೊಂಗೆ ಮರದ ನೆರಳಿಗೆ ಹೋದಳು. ನೆರಳಿಗೆ ಅಂತ ಹೋದದ್ದು. ಅಲ್ಲಿ ನೆಲ ಮೆತ್ತಗಿತ್ತು. ಕಾಲು ಹೂತಿತು. ಓಬಕ್ಕ ವರ್ಷಗಟ್ಟಲೆ ತಳ್ಳಿದ ಎಲೆಯೆಲ್ಲ ಅಲ್ಲಿ ಕೊಳೆತು ಕಪ್ಪಗಾಗಿತ್ತು. ಮೇಲೆ ಒಣಗಿತ್ತು. ಒಳಗೆ ಬೆರಳು ಇಟ್ಟರೆ ತಣ್ಣಗೆ. ಈ ಬಿಸಿಲಲ್ಲೂ ತಣ್ಣಗೆ.

ಒಂದು ಚಿಟಿಕೆ ತೆಗೆದಳು. ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು.

ಉಗಿಯಲಿಲ್ಲ.

"ಇದು," ಅಂದಳು. "ಇದೇ ಕಣವ್ವ. ನಮ್ಮ ಹೊಲ ಇಲ್ಲಿದೆ."

ಅವಳ ಕಣ್ಣಲ್ಲಿ ನೀರು ಬಂತು. ಇನ್ನೊಂದು ಚಿಟಿಕೆ ತೆಗೆದಳು.

ಪಕ್ಕದಲ್ಲಿ ಒಂದು ಶೇಂಗಾ ಗಿಡ ಇತ್ತು. ಯಾರೂ ಬಿತ್ತಿದ್ದಲ್ಲ. ಕಾಗೆ ಬೀಳಿಸಿದ ಬೀಜ. ಅದರ ಕೊಂಬೆಯಲ್ಲಿ ಕಾಯಿ ಇತ್ತು. ಚಿನ್ನಕ್ಕ ಒಂದನ್ನು ಕಿತ್ತು ಒಡೆದಳು. ಒಳಗೆ ಎರಡು ಕಾಳು, ಗುಂಡಗೆ. ಬೆರಳಲ್ಲಿ ಹಿಸುಕಿದಳು. ಬೆರಳು ಎಣ್ಣೆಯಾಯಿತು.

ಆ ಬೆರಳನ್ನು ತಾಯಿಯ ಮುಂದೆ ಹಿಡಿದಳು.

ಓಬಕ್ಕ ಬೆರಳು ನೋಡಿದಳು. ಆಕಾಶ ನೋಡಿದಳು. ಬದುವಿನ ಈಚೆ ಇದ್ದ ಆಕಾಶವೇ ಆಚೆಯೂ ಇತ್ತು. ಇಲ್ಲಿಗೂ ಮಳೆ ಬಂದಿರಲಿಲ್ಲ, ಅಲ್ಲಿಗೂ ಬಂದಿರಲಿಲ್ಲ. ಕೈಯಲ್ಲಿದ್ದ ಪೊರಕೆ ನೋಡಿದಳು.

ಬದುವಿನ ಮೇಲೆ ಕುಸಿದು ಕೂತಳು.

"ಗಂಗಳ ತೊಳೆದಿಟ್ಟೆ," ಅಂದಳು. "ದಿನಾ ತೊಳೆದಿಟ್ಟೆ. ಮುದ್ದೆ ಹಾಕಲಿಲ್ಲ."

ಪಾಲಯ್ಯ ಓಡಿ ಬಂದ. "ಏನಾಯ್ತೇ?"

"ಮಂಕರಿ ತನ್ನಿ. ಮಣ್ಣು ಹೊರಬೇಕು," ಅಂದಳು ಓಬಕ್ಕ.

*

ಅವತ್ತಿನಿಂದ ಅವರು ಹೊತ್ತರು.

ಹೊಂಗೆ ಬುಡದ ಕಪ್ಪು ಮಣ್ಣು ಹೊತ್ತರು. ಹಟ್ಟಿಯ ಹಿಂದಿನ ಹಳೇ ತಿಪ್ಪೆ ಹೊತ್ತರು. ಕೆರೆ ಒಣಗಿತ್ತು. ಅದರ ತಳದಲ್ಲಿ ಗೋಡು ಇತ್ತು. ಮಳೆ ಮಳೆಗೂ ಹೊಲಗಳಿಂದ ತೊಳೆದುಹೋದ ಮಣ್ಣು ಅದು, ಕಪ್ಪಗೆ, ನುಣ್ಣಗೆ. ಪಾಲಯ್ಯ ಅದನ್ನು ಅಗೆದು ಹೊತ್ತ. ಊರಿನವರು ದಂಡೆಯ ಮೇಲೆ ನಿಂತು ನೋಡಿದರು.

"ಏನಪ್ಪಾ ಪಾಲಯ್ಯ, ಓಬಕ್ಕ ಕೊನೆಗೂ ಕೆರೇನೂ ಗುಡಿಸಿಸ್ತಿದಾಳಾ?"

"ಹೂಂ," ಅಂದ ಪಾಲಯ್ಯ.

ಕಾಟಯ್ಯ ಅದೇ ದಾರಿಯಲ್ಲಿ ಬಂದ. ಓಬಕ್ಕ ಅವನನ್ನು ತಾನೇ ಕೂಗಿದಳು.

"ಕಾಟಯ್ಯ, ಹಿಕ್ಕೆ ಇದೆಯೇನೋ?"

ಕಾಟಯ್ಯನಿಗೆ ಕಿವಿಗೆ ಸರಿಯಾಗಿ ಬಿತ್ತೋ ಇಲ್ಲವೋ ಅನ್ನಿಸಿತು. "ಏನಕ್ಕಾ?"

"ಕುರಿ ಹಿಕ್ಕೆ. ಇದ್ದರೆ ಒಂದು ಮೂಟೆ ಕೊಡು. ಬೆಳೆ ಕಿತ್ತ ಮೇಲೆ ಮಂದೆ ತರುಬು."

ಕಾಟಯ್ಯ ತನ್ನ ಕುರಿಗಳ ಕಡೆ ತಿರುಗಿದ. "ಕೇಳಿದ್ರೇನ್ರಪ್ಪಾ? ಓಬಕ್ಕ ನಿಮ್ಮನ್ನ ಮನೆಗೆ ಕರೀತಿದಾಳೆ," ಅಂದ.

ಓಬಕ್ಕ ನಗಲಿಲ್ಲ. ಮಂಕರಿ ಎತ್ತಿಕೊಂಡಳು.

ಒಂದೊಂದು ಗಿಡದ ಬುಡಕ್ಕೂ ಹಾಕಿದರು. ಚಿನ್ನಕ್ಕ ಬಗ್ಗಲಾರಳು. ಕೂತುಕೊಂಡು ಕೈಯಿಂದ ನೆಲ ಸಡಿಲ ಮಾಡಿದಳು. ಬುಡಕ್ಕೆ ಮಣ್ಣು ಏರಿಸಿದಳು. ಕಡ್ಡಿಗಳು ನೆಲ ಮುಟ್ಟಿ ನಿಂತಿದ್ದದ್ದು ಅವಳ ಕಣ್ಣಿಗೆ ಬಿತ್ತು.

"ಇದೇನವ್ವ, ಹೂವು ನೆಲಕ್ಕೆ ಇಳಿದಿದೆ?"

"ಎಲ್ಲಿಗೆ ಹೋಗ್ತಿದೆಯೋ," ಅಂದಳು ಓಬಕ್ಕ. "ಹೋಗಲಿ ಬಿಡು. ತಡೀಬೇಡ."

ಎರೆಹುಳು ಒಂದು ಮಂಕರಿಯೊಳಗೆ ಕೂತು ವಾಪಸು ಬಂದ. ಬಂದವನೇ ಒಳಗೆ ಇಳಿದ. ದಾರಿ ಮಾಡಿದ. ಸಂದಿ ಬಿಟ್ಟಿತು. ಸಂದಿಯಲ್ಲಿ ಗಾಳಿ ನುಗ್ಗಿತು.

ಮಣ್ಣವ್ವ ಉಂಡಳು. ಬಹಳ ವರ್ಷದ ಮೇಲೆ ಉಂಡಳು. ಒಂದೇ ಸಲಕ್ಕೆ ಹೊಟ್ಟೆ ತುಂಬಲಿಲ್ಲ. ಆದರೆ ಕೈಗೆ ಸ್ವಲ್ಪ ಬಲ ಬಂತು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಸಣ್ಣ ಮಳೆ ಬಿತ್ತು. ಸಣ್ಣದು. ಹಂಚಿನ ಧೂಳು ತೊಳೆಯುವಷ್ಟು. ಬೇರೆ ಹೊಲಗಳಲ್ಲಿ ಅದು ಬಿದ್ದು, ಹರಿದು, ಹೋಯಿತು. ಓಬಕ್ಕನ ಹೊಲದಲ್ಲಿ ಹೋಗಲಿಲ್ಲ. ಮಣ್ಣವ್ವ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದು ಹನಿಯನ್ನೂ ಬಿಡಲಿಲ್ಲ.

ಆಮೇಲೆ ಬಾಗಿಲು ತೆಗೆದಳು.

ಶೇಂಗಾ ಒಳಗೆ ಇಳಿದಳು. ಕತ್ತಲೆ. ತಂಪು. ಕಣ್ಣಿಗೆ ಏನೂ ಕಾಣಲಿಲ್ಲ.

"ಅವ್ವ?"

"ಇಲ್ಲೇ ಇದೀನಿ."

"ಕಾಣಲ್ಲ."

"ಮುಟ್ಟಿ ನೋಡು."

ಶೇಂಗಾ ಮುಟ್ಟಿದಳು. ಹಣೆ ಮುಟ್ಟಿದಳು. ಕೆನ್ನೆ ಮುಟ್ಟಿದಳು. ಕೆನ್ನೆ ಇನ್ನೂ ಒಳಗೆ ಹೋಗಿತ್ತು.

"ಸೊರಗಿದೀಯ."

"ನೀನೂ ಸೊರಗಿದೀಯ. ಇದೇನು ಗಂಟು?"

"ಬುತ್ತಿ. ಮೇಲಿಂದ ತಂದೆ."

ಮಣ್ಣವ್ವ ಗಂಟು ಬಿಚ್ಚಿ ನೋಡಿದಳು.

"ಕೂತ್ಕೋ," ಅಂದಳು.

ಅಲ್ಲೇ, ಆ ಕತ್ತಲೆಯಲ್ಲಿ, ಕಾಯಿ ಕಟ್ಟಿತು. ಮಣ್ಣವ್ವ ಒಂದೊಂದು ಕಾಯಿಯನ್ನೂ ಅಂಗೈಯಲ್ಲಿ ಹಿಡಿದು ಕೂತಳು. ಹಗಲೂ ಹಿಡಿದಿದ್ದಳು, ಇರುಳೂ ಹಿಡಿದಿದ್ದಳು. ಕಾಯಿ ಎಳೆಯದು. ಅವಳ ಕೈಯ ಗೆರೆಯೆಲ್ಲ ಅದರ ಸಿಪ್ಪೆಯ ಮೇಲೆ ಒತ್ತಿಕೊಂಡಿತು. ಗೆರೆ ಉಳಿಯಿತು.

ಮೇಲೆ ಬಿಸಿಲು ಸುಡುತ್ತಿತ್ತು. ಒಳಗೆ ಕಾಳು ತುಂಬುತ್ತಿತ್ತು.

*

ಚಿನ್ನಕ್ಕನಿಗೆ ದಿನ ತುಂಬಿತು.

ಓಬಕ್ಕ ಹೊಲಕ್ಕೆ ಹೋದಳು. ಕೊಂಬೆ ನೋಡಿದಳು. ಒಂದು ಕಾಯಿಯೂ ಇಲ್ಲ. ಗಿಡ ಹಿಡಿದು ಎಳೆದಳು. ಸಿಟ್ಟಿನಿಂದ ಎಳೆದಳು. ಗಿಡ ಬುಡಸಮೇತ ಬಂತು. ಬುಡದ ತುಂಬ ಕಾಯಿ.

ಒಡೆದಳು. ಕಾಳು ಇತ್ತು. ಹಿಸುಕಿದಳು. ಎಣ್ಣೆ ಬಂತು.

ಬೆಳೆ ಬಹಳವೇನೂ ಆಗಲಿಲ್ಲ. ಬರಗಾಲದ ಬೆಳೆ. ಬಾಣಂತಿಗೆ ಸಾಕಾಯಿತು. ಕೂಸಿಗೆ ಸಾಕಾಯಿತು. ಬೀಜಕ್ಕೆ ಸ್ವಲ್ಪ ಉಳಿಯಿತು. ಹೆಣ್ಣು ಕೂಸು. ಓಬಕ್ಕ ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದಳು. ಬಿಸಿ ನೀರು ಹುಯ್ದಳು. ಕೂಸು ಊರಿಗೆಲ್ಲ ಕೇಳುವ ಹಾಗೆ ಅತ್ತಿತು.

ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯಿತು. ಓಬಕ್ಕ ಒಂದು ಪಾಲು ಎತ್ತಿಗೆ ಹಾಕಿದಳು. ಒಂದು ಪಾಲು ಹೊಲಕ್ಕೆ ಒಯ್ದಳು. ಕಾಯಿ ಬಿಡಿಸಿದ ಶೇಂಗಾ ಬಳ್ಳಿಯನ್ನು ಸುಡಲಿಲ್ಲ. ಬಳ್ಳಿ ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಕಾಟಯ್ಯನ ಮಂದೆ ಬಂದು ಕಿತ್ತು ಮುಗಿದ ಸಾಲುಗಳಲ್ಲಿ ಮಲಗಿತು. ಪೊರಕೆ ಅಂಗಳ ಬಿಟ್ಟು ಆಚೆ ಹೋಗಲಿಲ್ಲ.

ಬಾಣಂತನ ಮುಗಿಯಿತು. ಚಿನ್ನಕ್ಕ ಹೊರಟಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು. ಗಂಟಿನಲ್ಲಿ ಒಂದು ಕುಡಿಕೆ ಎಣ್ಣೆ. ಎಣ್ಣೆಯ ಪಕ್ಕದಲ್ಲಿ ಒಂದು ಹಿಡಿ ಮಣ್ಣು. ಅದನ್ನು ಓಬಕ್ಕ ಯಾರಿಗೂ ಕಾಣದ ಹಾಗೆ ಇಟ್ಟಿದ್ದಳು.

"ಹೋಗಿ ಬರ್ತೀನವ್ವ."

"ಹೂಂ."

ಚಿನ್ನಕ್ಕ ಹೊರಟಳು. ಓಬಕ್ಕ ಅವಳ ಸೆರಗಿನ ತುದಿ ಹಿಡಿದಿದ್ದಳು. ಹಿಡಿದದ್ದು ಅವಳಿಗೆ ಗೊತ್ತಿರಲಿಲ್ಲ. ಸೆರಗು ಬಿಗಿಯಾಯಿತು. ಚಿನ್ನಕ್ಕ ನಿಂತಳು. ಓಬಕ್ಕ ಬಿಟ್ಟಳು.

ಹೊಲದಲ್ಲಿ ಪಾಲಯ್ಯ ಬೀಜಕ್ಕೆ ಅಂತ ಬಿಟ್ಟಿದ್ದ ಕೊನೆಯ ಸಾಲು ಕೀಳುತ್ತಿದ್ದ. ಗಿಡ ಬಂತು. ಕಾಯಿ ಬಂತು. ಎರಡು ಕಾಯಿ ಬರಲಿಲ್ಲ. ಕಳಚಿಕೊಂಡು ಒಳಗೇ ಉಳಿದವು.

"ಯಾರೋ ಹಿಡಿದ ಹಾಗಾಯ್ತಲ್ಲ," ಅಂದ ಪಾಲಯ್ಯ.

ಎಳ್ಳು ಈಗಲೂ ನೆಟ್ಟಗೆ ನಿಂತು ಮೇಲೆ ನೋಡುತ್ತದೆ. ಶೇಂಗಾ ಹೂವು ಈಗಲೂ ಮೇಲೆ ಅರಳಿ, ತಲೆ ತಗ್ಗಿಸಿ, ಮಣ್ಣಿಗೆ ಇಳಿದು ಕಾಯಿ ಕಟ್ಟುತ್ತದೆ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಸಿಪ್ಪೆಯ ಮೇಲೆ ಗೆರೆಗಳಿರುತ್ತವೆ. ಎಷ್ಟು ಹುಷಾರಾಗಿ ಕಿತ್ತರೂ ಒಂದೆರಡು ಕಾಯಿ ಮಣ್ಣಲ್ಲೇ ಉಳಿಯುತ್ತವೆ.